ಇನ್ನೂರ ಇಪ್ಪತ್ತು ಗ್ರಾಂ

ಮಾರ್ಚ್ ೪

ಮೇಸ್ತ್ರಿಯವರಿಗೆ, ನಿಮ್ಮ ಶಿಷ್ಯೆ ಮುಳ್ಳಮ್ಮನ ನಮಸ್ಕಾರಗಳು.

ನೀವು ನಮ್ಮ ತಕ್ಕಡಿ ರಿಪೇರಿ ಅಂಗಡಿ ಬಿಟ್ಟು ಮಗಳ ಊರಿಗೆ ಹೋಗಿ ಏಳು ತಿಂಗಳಾಯಿತು. ಫೋನು ಮಾಡೋಣವೆಂದರೆ ನಿಮಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ, ನನಗೆ ಫೋನಿನಲ್ಲಿ ಬಾಯಿ ಬರುವುದಿಲ್ಲ. ಅದಕ್ಕೇ ಕಾಗದ. ಐದನೇ ಕ್ಲಾಸನ್ನು ಎರಡು ಶಾಲೆಗಳಲ್ಲಿ ಅರ್ಧರ್ಧ ಓದಿ ಅಲ್ಲಿಗೇ ಬಿಟ್ಟವಳು ನಾನು. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡು ಓದಿ.

ನನಗೆ ಮಗು ಆಯಿತು. ಹೆಣ್ಣು. ಎರಡು ತಿಂಗಳು ತುಂಬಿದೆ. ಅಂಗಡಿಗೂ ಮತ್ತೆ ಬರುತ್ತಿದ್ದೇನೆ. ನಿಮ್ಮ ಹಳೆಯ ಬೆಂಚಿನ ಪಕ್ಕದಲ್ಲಿ ತೊಟ್ಟಿಲಿಡಲೇ ಅಂತ ಕೇಳಿದ್ದಕ್ಕೆ ಧಣಿಗಳು, "ಇಡಮ್ಮ, ಈ ಅಂಗಡೀಲಿ ಇಷ್ಟು ದಿನ ನಾನೊಬ್ಬನೇ ಅಳ್ತಿದ್ದೆ, ಜೊತೆ ಆಯ್ತು" ಅಂದರು.

ಇನ್ನೊಂದು ಸುದ್ದಿ. ನಿಮ್ಮ ಮುದ್ರೆ ಇಕ್ಕಳ ಈಗ ನನ್ನ ಕೈಗೆ ಬಂದಿದೆ. ಫೆಬ್ರವರಿ ಇಪ್ಪತ್ತರಂದು ಹೊರಗಿನ ಒಂದು ಸರ್ವಿಸಿಗೆ ಒಬ್ಬಳೇ ಹೋಗಿ, ತಕ್ಕಡಿ ಸರಿಮಾಡಿ, ಸೀಸದ ಬಿಲ್ಲೆಯ ಮೇಲೆ ಮೊದಲ ಸಲ ಮುದ್ರೆ ಒತ್ತಿ ಬಂದೆ. ಕೈ ನಡುಗಿತು. ತಕ್ಕಡಿ ಮುಳ್ಳಿನ ಹಾಗೆ ಸದಾ ನಡುಗುತ್ತೀಯ ಅಂತ ತಾನೇ ನೀವು ನನಗೆ ಈ ಹೆಸರಿಟ್ಟದ್ದು.

ಈಗ ಕೇಳಬೇಕಾದದ್ದು. ಒಂದು ವಸ್ತು ಇದೆ ಅಂತ ಇಟ್ಟುಕೊಳ್ಳಿ. ಐದು ಕೆಜಿಯ ಆಸುಪಾಸು. ಅದನ್ನು ಒಮ್ಮೆ ತೂಗಿ, ಅರ್ಧ ಗಂಟೆ ಬಿಟ್ಟು ಮತ್ತೆ ತೂಗಬೇಕು. ನನಗೆ ಬೇಕಾದದ್ದು ವ್ಯತ್ಯಾಸ. ಆದರೆ ವಸ್ತು ಸುಮ್ಮನಿರುವುದಿಲ್ಲ. ಬೆಂಚಿನ ಮೇಲಿನ ತಕ್ಕಡಿಯಲ್ಲಿ ಒಮ್ಮೆ ಮೂವತ್ತೈದು ಗ್ರಾಂ ಬರುತ್ತದೆ, ಒಮ್ಮೆ ಎಂಬತ್ತು, ಒಮ್ಮೆ ಐವತ್ತು. ಯಾವುದನ್ನು ನಂಬಲಿ? ವಸ್ತು ಯಾವುದು ಅಂತ ಕೇಳಬೇಡಿ. ಗಿರಾಕಿಯದು.

ಮಗು ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ. ಎಲ್ಲ ಚೆನ್ನಾಗಿದೆ.

ಇಂತಿ,
ಮುಳ್ಳಮ್ಮ

ಮಾರ್ಚ್ ೧೪

ಮುಳ್ಳಮ್ಮನಿಗೆ ಆಶೀರ್ವಾದ.

ಮಗು ಆದದ್ದಕ್ಕೆ ಸಂತೋಷ, ಹೆಣ್ಣಾದದ್ದಕ್ಕೆ ಇನ್ನೂ ಸಂತೋಷ. ನಲವತ್ತು ವರ್ಷ ಗಂಡುಹುಡುಗರಿಗೆ ಕೆಲಸ ಕಲಿಸಿದೆ. ಎಲ್ಲರೂ ಸ್ಕ್ರೂ ಬಿಚ್ಚುವುದರಲ್ಲಿ ನಿಪುಣರು. ಮತ್ತೆ ಹಾಕಿದವಳು ನೀನೊಬ್ಬಳೇ.

ನಿನ್ನ ಗಿರಾಕಿಯ ವಸ್ತುವಿನ ಬಗ್ಗೆ ಎರಡು ದಿನ ಯೋಚಿಸಿದೆ. ಐದು ಕೆಜಿ ತೂಗುತ್ತದೆ, ಸುಮ್ಮನಿರುವುದಿಲ್ಲ, ಅರ್ಧ ಗಂಟೆಯಲ್ಲಿ ತಾನಾಗಿಯೇ ತೂಕ ಏರುತ್ತದೆ. ಮಗಳನ್ನು ಕೇಳಿದರೆ ಅವಳು ನಕ್ಕಳೇ ಹೊರತು ಉತ್ತರ ಕೊಡಲಿಲ್ಲ. ಕೊನೆಗೆ ದೊಡ್ಡ ಜಾತಿಯ ಕೋಳಿ ಎಂದು ತೀರ್ಮಾನಿಸಿದ್ದೇನೆ. ಮಾರುವ ಮೊದಲು ಕಾಳು, ನೀರು ತುಂಬಿಸಿ ತೂಕ ಏರಿಸುವ ಕಳ್ಳ ಯಾರೋ ನಿನ್ನ ಗಿರಾಕಿ. ಅವನ ಜೊತೆ ಸೇರಬೇಡ.

ಆದರೂ ವಿದ್ಯೆ ಕೇಳಿದವರಿಗೆ ಹೇಳಬೇಕು. ಅಲುಗಾಡುವ ವಸ್ತುವನ್ನು ಮೂರು ಸಲ ತೂಗು. ಹೆಚ್ಚಿನದನ್ನೂ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಬರೆದುಕೋ. ಕೋಳಿಯಾದರೆ ಬುಟ್ಟಿ ಮುಚ್ಚು, ಕತ್ತಲಾದರೆ ಸುಮ್ಮನಾಗುತ್ತದೆ.

ನನ್ನ ಕಣ್ಣು, ಕೈ ಎಲ್ಲ ಚೆನ್ನಾಗಿವೆ. ಚಿಂತೆ ಬೇಡ. ಚಿಂತೆ ಮಾಡಲು ನಿನಗೆ ಬೇರೆ ವಿಷಯಗಳು ಸಿಕ್ಕೇ ಸಿಗುತ್ತವೆ.

ನಿನ್ನ ಮೇಸ್ತ್ರಿ

ಮಾರ್ಚ್ ೨೨

ಮೇಸ್ತ್ರಿಯವರಿಗೆ ನಮಸ್ಕಾರ.

ಅದು ಕೋಳಿಯಲ್ಲ. ನನ್ನ ಮಗಳು.

ಇದನ್ನು ನಿಮಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ತೂಕದ ವಿಷಯ ಬಂದರೆ ನನಗೆ ನಿಮ್ಮನ್ನು ಬಿಟ್ಟು ಯಾರೂ ಇಲ್ಲ. ನಿಮ್ಮ ಅಕ್ಷರ ಮೊದಲಿಗಿಂತ ದುಂಡಗಾಗಿದೆ. ಮಗಳ ಮನೆಯ ಊಟ ಕೈಗೂ ಹಿಡಿದಿದೆ ಅಂತ ಸಮಾಧಾನವಾಯಿತು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಆರೋಗ್ಯ ಕೇಂದ್ರದಲ್ಲಿ ಎರಡು ವಾರಕ್ಕೊಮ್ಮೆ, ಸೋಮವಾರ, ಮಕ್ಕಳನ್ನು ತೂಗುತ್ತಾರೆ. ಹದಿನಾರು ಮಕ್ಕಳು. ನರ್ಸಮ್ಮ ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆದು, ತೂಗಿ, ಕಾರ್ಡಿನಲ್ಲಿ ಬರೆದು ಕೊಡುತ್ತಾರೆ. ಮಾರ್ಚ್ ಎರಡರಂದು ನಮ್ಮ ಪಾಪು ಹದಿನೈದು ದಿನಕ್ಕೆ ಬರೀ ನೂರೈವತ್ತು ಗ್ರಾಂ ಏರಿದ್ದಳು. ಅದಕ್ಕೆ ಮುಂಚೆ ಮುನ್ನೂರೈವತ್ತಕ್ಕೆ ಕಡಿಮೆ ಏರಿದ್ದೇ ಇಲ್ಲ. "ಹಾಲು ಸಾಲ್ತಿಲ್ವೇನೋ, ಸ್ವಲ್ಪ ಡಬ್ಬಿ ಹಾಲು ಸೇರಿಸಿ ನೋಡಿ" ಅಂದರು. ಅವರು ಮೆಲ್ಲಗೇ ಹೇಳಿದರು. ನನಗೆ ಮಾತ್ರ ಮೈಕಿನಲ್ಲಿ ಹೇಳಿದ ಹಾಗಾಯಿತು.

ಆವತ್ತಿಂದ ಶುರುವಾಯಿತು. ಕುಡಿಸುವ ಮೊದಲು ತೂಗುವುದು, ಕುಡಿಸಿದ ಮೇಲೆ ತೂಗುವುದು. ಎಷ್ಟು ಒಳಗೆ ಹೋಯಿತು ಅಂತ ನೋಡುವುದು. ನಿಮ್ಮ ಮಾತಿನಂತೆ ನಡುವಿನದನ್ನು ತೆಗೆದುಕೊಂಡರೆ ಐವತ್ತು. ಐವತ್ತು ಸಾಕೋ ಸಾಲದೋ ಯಾರು ಹೇಳುತ್ತಾರೆ? ಲಾರಿ ಓಡಿಸುವ ನಮ್ಮವರು ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಾರೆ. "ಮಗು ಅಳ್ತಿಲ್ವಲ್ಲ, ಮತ್ತೇನು ನಿಂಗೆ" ಅನ್ನುತ್ತಾರೆ. ಅಳುವ ಶಕ್ತಿಯೂ ಇಲ್ಲವೇನೋ ಅನ್ನುವುದು ನನ್ನ ಇನ್ನೊಂದು ಚಿಂತೆ.

ಡಬ್ಬಿ ಹಾಲು ಶುರು ಮಾಡಿದೆ. ಸೀಸೆಯ ಮೇಲೆ ಗೆರೆಗಳಿರುತ್ತವೆ ಮೇಸ್ತ್ರಿ. ನೂರು ಹಾಕಿದರೆ ನೂರು, ಉಳಿದದ್ದು ಇಪ್ಪತ್ತು, ಕುಡಿದದ್ದು ಎಂಬತ್ತು. ಎಷ್ಟು ನೆಮ್ಮದಿ. ಎದೆಗೆ ಗೆರೆ ಇಲ್ಲ. ಹದಿನಾರನೇ ತಾರೀಖು ತೂಗಿದಾಗ ಮುನ್ನೂರ ತೊಂಬತ್ತು ಏರಿದ್ದಳು. ನರ್ಸಮ್ಮ "ನೋಡಿದ್ರಾ" ಅಂದರು. ಆದರೂ ಕಾರ್ಡಿನ ಗೆರೆಗಿಂತ ಇನ್ನೂ ಕೆಳಗೇ ಇದ್ದಾಳಂತೆ.

ಹಾಗಾದರೆ ನನ್ನ ಹಾಲೇ ಸರಿಯಿರಲಿಲ್ಲ ಅಂತ ಆಯಿತಲ್ಲ.

ಕೇಂದ್ರದ ಪರದೆಯ ಹೊರಗಿನ ಬೆಂಚಿನ ಮೇಲೆ ಬೇರೆ ಕಥೆ. ಅಲ್ಲಿ ಟೈಲರಕ್ಕ ಅಂತ ಒಬ್ಬಳಿದ್ದಾಳೆ. ಬಟ್ಟೆ ಹೊಲಿಯುವವಳು, ಮೂರನೇ ಬಾಣಂತನ, ಬಾಯಿ ಕತ್ತರಿ. ಅವಳಿ ಮಕ್ಕಳ ತಾಯಿ ಸೀಸೆ ತೆಗೆದಳು ನೋಡಿ.

"ಏನಮ್ಮ, ತಾಯ್ತನಾನೂ ಅಂಗಡೀಲಿ ಸಿಗುತ್ತಾ ಈಗ?"

"ಇಬ್ಬರಿದ್ದಾರಕ್ಕ. ನಂಗಿರೋದು ಒಂದೇ ಮೈ."

"ಮನಸ್ಸಿದ್ರೆ ಮೈ ತಾನೇ ಕೊಡುತ್ತೆ. ಮೂರಕ್ಕೂ ಕುಡಿಸಿದೀನಿ, ಒಂದು ಚಮಚ ಡಬ್ಬಿ ಮುಟ್ಟಿಲ್ಲ ನಾನು." ಆಮೇಲೆ ನನ್ನ ಕಡೆ ತಿರುಗಿದಳು. "ನೀನು?"

"ನಾನೂ ಅಷ್ಟೇ ಅಕ್ಕ" ಅಂದೆ.

ಅಂದೇಬಿಟ್ಟೆ. ಆಗ ನನ್ನ ತೊಡೆಯ ಮೇಲೆ ಐದು ಕೆಜಿ ತೂಕದ ಕಲ್ಲು ಇಡುವ ಮರದ ಪೆಟ್ಟಿಗೆ ಇತ್ತು. ಅದರೊಳಗೆ ಕಲ್ಲಿರಲಿಲ್ಲ. ಹಾಲಿನ ಡಬ್ಬಿ ಇತ್ತು. ಸರ್ವಿಸಿಗೆ ಹೊರಟವಳ ಹಾಗೆ ಅದನ್ನೇ ಹೊತ್ತುಕೊಂಡು ಓಡಾಡುತ್ತೇನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಕಣ್ಣು ಮುಚ್ಚಿ ಕುಡಿಸುತ್ತೇನೆ.

ಇದನ್ನು ಓದಿದ ಮೇಲೆ ಹರಿದುಹಾಕಿ. ನಿಮ್ಮ ಮಗಳು ನೋಡಿದರೆ ಏನಂದುಕೊಂಡಾರು.

ಮುಳ್ಳಮ್ಮ

ಏಪ್ರಿಲ್ ೨

ಮುಳ್ಳಮ್ಮನಿಗೆ ಆಶೀರ್ವಾದ.

ಕೋಳಿ ಅಂದದ್ದಕ್ಕೆ ನಿನ್ನ ಮಗಳು ಮಾತು ಕಲಿತ ದಿನ ಬಂದು ಕ್ಷಮೆ ಕೇಳುತ್ತೇನೆ.

ಐದು ಕೆಜಿ ಪೆಟ್ಟಿಗೆಯಲ್ಲಿ ಡಬ್ಬಿಯನ್ನು ಮುಚ್ಚಳ ಮೇಲಾಗಿ ಇಡಬೇಡ. ಬಿಜಾಗರಿ ತಾಗಿ ಮುಚ್ಚಳ ಸಡಿಲವಾಗುತ್ತದೆ, ಪುಡಿಯೆಲ್ಲ ಒಳಗೆ ಹಾಸಿದ ಬನಾತು ಬಟ್ಟೆಗೆ ಹಿಡಿಯುತ್ತದೆ. ಅಡ್ಡ ಮಲಗಿಸಿ, ಪಕ್ಕದಲ್ಲಿ ಒಂದು ಬಟ್ಟೆ ತುರುಕು. ಆಗ ಸದ್ದಾಗುವುದಿಲ್ಲ.

ಈಗ ಕೆಲಸದ ಮಾತು. ನಿನ್ನ ಕಾಗದವನ್ನು ಎರಡು ಸಲ ಓದಿಸಿ ಕೇಳಿದೆ. ನೀನು ಮಗುವನ್ನು ಅನುಮಾನಿಸಿದೆ, ಹಾಲನ್ನು ಅನುಮಾನಿಸಿದೆ, ನಿನ್ನನ್ನು ಅನುಮಾನಿಸಿಕೊಂಡೆ. ತಕ್ಕಡಿಯನ್ನು ಒಂದು ಸಲವೂ ಅನುಮಾನಿಸಲಿಲ್ಲ. ಇಷ್ಟು ವರ್ಷ ನಾನು ನಿನಗೆ ಕಲಿಸಿದ್ದೇನು? ಅಂಗಡಿಯ ತಕ್ಕಡಿಯಲ್ಲಿ ವ್ಯತ್ಯಾಸ ಮಾತ್ರ ನೋಡಿದ್ದೀಯ. ಪೂರಾ ತೂಕ ನೋಡು. ಮುಂದಿನ ತೂಕದ ದಿನ ಬೆಳಿಗ್ಗೆ ಅಂಗಡಿಯಲ್ಲಿ ಒಮ್ಮೆ ತೂಗಿ, ಅದೇ ಬಟ್ಟೆಯಲ್ಲಿ, ನಡುವೆ ಏನೂ ಕುಡಿಸದೆ, ಕೇಂದ್ರದಲ್ಲಿ ಇನ್ನೊಮ್ಮೆ ತೂಗಿಸು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಜನ ನಗಬಹುದು. ನಗಲಿ. ನಮ್ಮ ಹೊಟ್ಟೆಪಾಡೇ ನೆಲ ಡೊಂಕಿದೆಯೋ ಇಲ್ಲವೋ ನೋಡುವುದು.

ಆ ತಕ್ಕಡಿಗೆ ಮುದ್ರೆ ಒತ್ತಿದ ಮಹಾನುಭಾವ ಯಾರು ಅಂತಲೂ ವಿಚಾರಿಸು. ಕೆಲವರ ಕೈಗೆ ಇಕ್ಕಳ ಕೊಡುವುದೂ ಒಂದೇ, ಕೋತಿ ಕೈಗೆ ಕತ್ತರಿ ಕೊಡುವುದೂ ಒಂದೇ.

ನಿನ್ನ ಮೇಸ್ತ್ರಿ

ಏಪ್ರಿಲ್ ೧೫

ಮೇಸ್ತ್ರಿಯವರಿಗೆ,

ಆ ಕೋತಿ ನಾನೇ.

ಮೊದಲ ಕಾಗದದಲ್ಲಿ ಹೊರಗಿನ ಸರ್ವಿಸು ಅಂತ ಬರೆದಿದ್ದೆನಲ್ಲ, ಅದು ಈ ಕೇಂದ್ರದ ತಕ್ಕಡಿಯೇ. ಅದನ್ನು ಯಾಕೆ ಬಿಡಿಸಿ ಬರೆಯಲಿಲ್ಲವೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿಮ್ಮ ಪತ್ರದ ಕೋತಿಯ ಸಾಲು ಓದುತ್ತಲೇ ಇಕ್ಕಳದ ಮೇಲೆ ಬಟ್ಟೆ ಮುಚ್ಚಿದೆ.

ಹದಿಮೂರನೇ ತಾರೀಖು ಬೆಳಿಗ್ಗೆ ಅಂಗಡಿಯಲ್ಲಿ ತೂಗಿದೆ. ಒಂಬತ್ತೂವರೆಗೆ ಕೇಂದ್ರದಲ್ಲಿ ತೂಗಿಸಿದೆ. ಅದೇ ಬಟ್ಟೆ, ಅದೇ ಹೊಟ್ಟೆ. ಕೇಂದ್ರದಲ್ಲಿ ಇನ್ನೂರ ಇಪ್ಪತ್ತು ಗ್ರಾಂ ಕಡಿಮೆ. ಕುಡಿಸದೆ ಇದ್ದದ್ದಕ್ಕೆ ಪಾಪು ಬೀದಿಯಿಡೀ ಅತ್ತಳು. ನಾನು ಮನಸ್ಸಿನಲ್ಲೇ ಕಳೆಯುವ ಲೆಕ್ಕ ಹಾಕುತ್ತ ನಡೆದೆ.

ಆಮೇಲೆ ತಕ್ಕಡಿಯ ತಟ್ಟೆಯನ್ನು ನೋಡಿದೆ. ಅದರ ಮೇಲೆ ತೆಳ್ಳನೆ ಬಟ್ಟೆ ಹಾಸಿತ್ತು. ನಾನು ಸರ್ವಿಸಿಗೆ ಬಂದ ದಿನ ಅಲ್ಲಿ ರೆಕ್ಸಿನ್ ಹೊದಿಸಿದ ದಪ್ಪ ಸ್ಪಂಜಿನ ಹಾಸು ಇತ್ತು. ಅದನ್ನು ತಟ್ಟೆಯ ಕೆಳಗೆ ನಾಲ್ಕು ಲಾಡಿಗಳಿಂದ ಬಿಗಿದು ಗಂಟು ಹಾಕಿದ್ದರು. ಸೊನ್ನೆ ಕೂರಿಸುವಾಗ ತಟ್ಟೆ ಬೋಳಾಗಿರಬೇಕು ಅಂತ ನೀವು ಸಾವಿರ ಸಲ ಹೇಳಿದ್ದೀರಿ. ಆವತ್ತು ಗಂಟು ಬಿಚ್ಚಲು ಹೋದೆ. ಪಾಪುವಿಗೆ ಕುಡಿಸುವ ಹೊತ್ತು ಮೀರಿತ್ತು. ನನ್ನ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು, ಯಾರಾದರೂ ನೋಡುತ್ತಾರೆ ಅಂತ ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡಿದ್ದೆ. ಒಂದು ಕೈಯಲ್ಲಿ ಗಂಟು ಬಿಚ್ಚಲಿಲ್ಲ. ಹೇಗೂ ಹಾಸು ಯಾವಾಗಲೂ ಇಲ್ಲೇ ಇರುತ್ತದಲ್ಲ ಅಂತ ಅದರ ಮೇಲೇ ಸೊನ್ನೆ ಕೂರಿಸಿ, ಮುದ್ರೆ ಒತ್ತಿ, ಓಡಿಬಂದೆ.

ಸೆಕೆ ಶುರುವಾಯಿತು ಅಂತ ನರ್ಸಮ್ಮ ಆ ದಪ್ಪ ಹಾಸು ತೆಗೆದು ಬಟ್ಟೆ ಹಾಕಿದ್ದಾರೆ. ಹೋದ ಹಾಸಿನ ತೂಕ ಮಕ್ಕಳ ತೂಕದಲ್ಲಿ ಕಡಿಮೆ ಬಿತ್ತು. ಅಷ್ಟೇ ನಡೆದದ್ದು.

ಹಾಲು ಸೋರಿ ಒದ್ದೆಯಾಗಿ ಓಡಿಬಂದವಳಿಗೆ ಹತ್ತು ದಿನ ಬಿಟ್ಟು ಹಾಲು ಸಾಲದು ಅಂತ ಆಯಿತು. ಇದನ್ನು ನೆನೆದರೆ ನಗು ಬರುತ್ತದೆ. ನಗಲು ಆಗುವುದಿಲ್ಲ. ಯಾಕೆಂದರೆ ಆ ಬೆಂಚಿನ ಮೇಲೆ ಹದಿನಾರು ಮಕ್ಕಳು. ಎಲ್ಲರಿಗೂ ಮಾರ್ಚ್ ಎರಡರಂದು ಇನ್ನೂರ ಇಪ್ಪತ್ತು ಕಡಿಮೆ ಬಂದಿರಬೇಕು. ಒಬ್ಬಳೂ ಇನ್ನೊಬ್ಬಳಿಗೆ ಹೇಳಲಿಲ್ಲ. ಎಲ್ಲರೂ ಕಾರ್ಡು ಬೋರಲು ಹಾಕಿ ಚೀಲಕ್ಕೆ ತುರುಕಿಕೊಂಡು ಹೋದರು. ನರ್ಸಮ್ಮ ಸೆಕೆಗೆ ಮಕ್ಕಳು ಸೊರಗುತ್ತಿದ್ದಾರೆ ಅಂದುಕೊಂಡರಂತೆ. ಟೈಲರಕ್ಕ ಎರಡು ಸೋಮವಾರದಿಂದ ಬಂದಿಲ್ಲ. ಅದನ್ನು ಕೇಳಿ ಮೊದಲು ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಬರೆಯುವುದಿಲ್ಲ, ಆಯಿತು.

ಧಣಿಗಳಿಗೆ ಹೇಳಿದರೆ ಕೆಲಸ ಹೋಗುತ್ತದೆ. ಹೇಳದೆ, ಏನೋ ನೆಪ ಮಾಡಿಕೊಂಡು ಹೋಗಿ, ಸೊನ್ನೆ ಸರಿಮಾಡಿ ಬಂದರೆ ಹೇಗೆ? ಬೇಗ ಬರೆಯಿರಿ.

ಮುಳ್ಳಮ್ಮ

ಏಪ್ರಿಲ್ ೨೩

ಮುಳ್ಳಮ್ಮನಿಗೆ,

ಕೋತಿ ಅಂದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಹಿಂಡಿನಲ್ಲಿ ನಾನೂ ಇದ್ದೇನೆ ಅಂತ ಮಾತ್ರ ಸೇರಿಸುತ್ತೇನೆ.

ಯಾರಿಗೂ ಹೇಳದೆ ಆ ತಕ್ಕಡಿ ಮುಟ್ಟಬೇಡ. ಯೋಚಿಸಿ ನೋಡು. ನೀನು ಗುಟ್ಟಾಗಿ ಸರಿಮಾಡುತ್ತೀಯ. ಮುಂದಿನ ಸೋಮವಾರ ಹದಿನಾರು ಮಕ್ಕಳೂ ಒಮ್ಮೆಲೇ ಇನ್ನೂರ ಇಪ್ಪತ್ತು ಉಬ್ಬುತ್ತಾರೆ. ಆ ಪುಣ್ಯ ಯಾರ ಲೆಕ್ಕಕ್ಕೆ ಹೋಗುತ್ತದೆ? ಡಬ್ಬಿ ಕೊಟ್ಟವಳು ಡಬ್ಬಿಗೆ ಕೈಮುಗಿಯುತ್ತಾಳೆ. ಇನ್ನೊಬ್ಬಳು ಇನ್ನು ಯಾವುದಕ್ಕೋ. ಒಂದು ಸುಳ್ಳನ್ನು ತೆಗೆದು ಹದಿನಾರು ಹಾಕಿದ ಹಾಗಾಗುತ್ತದೆ.

ಪೆಟ್ಟಿಗೆಯಲ್ಲಿ ಡಬ್ಬಿ ಹೇಗೆ ಇಡಬೇಕು ಅಂತ ಬರೆದಿದ್ದೆನಲ್ಲ. ನನಗೆ ಹೇಗೆ ಗೊತ್ತು ಅಂತ ನೀನು ಕೇಳಲಿಲ್ಲ. ನನ್ನ ಹೆಂಡತಿಗೆ ಚೊಚ್ಚಲು. ನೆರೆಮನೆಯ ಹೆಂಗಸರು ಬಂದು, ಮಗುವಿನ ತೋಳು ಎತ್ತಿ ನೋಡಿ, "ಕಡ್ಡಿ ಇದ್ದ ಹಾಗಿದೆ, ಏನು ಕುಡಿಸ್ತೀಯೋ ಏನೋ" ಅಂದು ಹೋದರು. ಮರುದಿನದಿಂದ ನಾನು ಕಲ್ಲಿನ ಪೆಟ್ಟಿಗೆಯಲ್ಲಿ ಡಬ್ಬಿ ತರತೊಡಗಿದೆ. ಬೀದಿಯವರೆಲ್ಲ, ಪಾಪ, ಮನೆಗೂ ಕೆಲಸ ಹೊತ್ತು ತರುತ್ತಾನೆ ಅನ್ನುತ್ತಿದ್ದರು. ತನ್ನ ಹಾಲು ಬರೀ ನೀರಾಗಿತ್ತು ಅಂತ ಅವಳು ಕೊನೆಯವರೆಗೂ ನಂಬಿದ್ದಳು. ಆಗ ನಮ್ಮ ಮನೆಯಲ್ಲಿ ರಿಪೇರಿಗೆ ಬಂದ ತಕ್ಕಡಿಗಳೇ ಹನ್ನೊಂದು. ಒಂದು ದಿನವೂ ಮಗುವನ್ನು ಒಂದರ ಮೇಲೂ ಇಡಲಿಲ್ಲ. ಯಾಕೋ ಈಗಲೂ ಗೊತ್ತಿಲ್ಲ. ಕಡಿಮೆ ಬಂದರೆ ಅನ್ನುವ ಭಯವೋ, ಸರಿಯಾಗಿ ಬಂದರೆ ಅವಳಿಗೆ ಏನು ಹೇಳುವುದು ಅನ್ನುವ ಭಯವೋ.

ಹೇಳಿಬಿಡು. ಕೆಲಸ ಹೋದರೆ ಹೋಗಲಿ. ಇಕ್ಕಳ ಹಿಡಿದ ಕೈಗೆ ಇನ್ನೊಂದು ಅಂಗಡಿ ಸಿಗುತ್ತದೆ.

ನಿನ್ನ ಮೇಸ್ತ್ರಿ

ತಂಗೀ, ಇನ್ನು ಮುಂದಿನದು ನನ್ನ ಮಾತು. ಅಪ್ಪನಿಗೆ ಕಣ್ಣು ಕಾಣುವುದು ನಿಂತು ಐದು ತಿಂಗಳಾಯಿತು. ನಿನ್ನ ಪತ್ರಗಳನ್ನು ಓದಿದ್ದೂ ನಾನೇ, ಉತ್ತರ ಬರೆದದ್ದೂ ನಾನೇ. ನಿನಗೆ ಹೇಳಬೇಡ ಅಂದಿದ್ದರು. ಇವತ್ತು ಅವರು ಹೇಳಿದ್ದನ್ನು ಬರೆದುಕೊಳ್ಳುತ್ತ ಬಂದೆ. ಡಬ್ಬಿಯ ಸಾಲು ಮುಗಿದ ಮೇಲೆ ಗೊತ್ತಾಯಿತು, ಆ ಮಗು ನಾನು. ನಲವತ್ತಾರು ವರ್ಷ ಯಾರೂ ಹೇಳಿರಲಿಲ್ಲ. ನಾನು ಬಂದರಿನಲ್ಲಿ ಕ್ರೇನು ನಡೆಸುತ್ತೇನೆ. ದಿನಕ್ಕೆ ಮುನ್ನೂರು ಟನ್ನು ಎತ್ತುತ್ತೇನೆ. ತೋಳು ಕಡ್ಡಿಯ ಹಾಗಿಲ್ಲ.

ಏಪ್ರಿಲ್ ೨೪

ಮೇಸ್ತ್ರಿಯವರಿಗೆ ನಮಸ್ಕಾರ.

ನಿಮ್ಮ ಉತ್ತರ ಬರಲಿಲ್ಲ. ಕೋಪವಿರಬಹುದು ಅಂತ ಒಂದು ವಾರ ಕಾದೆ. ಎಂಟನೇ ದಿನ ನಾನೇ ಒಂದು ದಾರಿ ಮಾಡಿಕೊಂಡೆ.

ನಿನ್ನೆ ಕೇಂದ್ರಕ್ಕೆ ಹೋಗಿ, "ಎಣ್ಣೆ ಹಾಕೋದು ಬಾಕಿ ಇತ್ತು" ಅಂದೆ. ನರ್ಸಮ್ಮ ಚುಚ್ಚುಮದ್ದಿನ ಕೋಣೆಯಲ್ಲಿದ್ದರು. ಮುದ್ರೆ ಒಡೆದೆ, ಬಟ್ಟೆ ತೆಗೆದೆ, ಬೋಳು ತಟ್ಟೆಯ ಮೇಲೆ ಸೊನ್ನೆ ಕೂರಿಸಿದೆ, ಮತ್ತೆ ಮುದ್ರೆ ಒತ್ತಿದೆ. ಹಾಸುವುದಿದ್ದರೆ ತೆಳ್ಳನೆ ಕಾಗದ ಹಾಸಿ, ಅದೇ ಶುಚಿ ಅಂತ ಹೇಳಿ ಬಂದೆ. ಹತ್ತು ನಿಮಿಷದ ಕೆಲಸ. ತಪ್ಪೂ ಹೋಯಿತು, ಸುದ್ದಿಯೂ ಆಗಲಿಲ್ಲ. ಎಷ್ಟೋ ದಿನದ ಮೇಲೆ ಊಟ ರುಚಿಸಿತು. ಸೋಮವಾರ ಎಲ್ಲರ ಮುಖ ಅರಳುವುದನ್ನು ನೋಡಬೇಕು ಅಂತ ಆಸೆಯಾಗಿದೆ.

ನೀವೂ ಮೆಚ್ಚುತ್ತೀರಿ ಅಂದುಕೊಂಡಿದ್ದೇನೆ.

ಮುಳ್ಳಮ್ಮ

ಮೇ ೧೨

ಮೇಸ್ತ್ರಿಯವರಿಗೂ ಅಕ್ಕನಿಗೂ ನಮಸ್ಕಾರ.

ಅಕ್ಕ, ನನ್ನ ಒದ್ದೆ ರವಿಕೆಯ ವಿಷಯವನ್ನೆಲ್ಲ ನೀವೇ ಓದಿ ಹೇಳಿದ್ದು ಅಂತ ತಿಳಿದಾಗ ಬೆಂಚಿನ ಕೆಳಗೆ ಸೇರಿಕೊಳ್ಳೋಣ ಅನ್ನಿಸಿತು. ಎರಡನೇ ಸಲ ಓದಿದಾಗ ಹಗುರವಾಯಿತು. ಮೇಸ್ತ್ರಿ, ನಿಮ್ಮ ಕಣ್ಣಿನ ವಿಷಯ ನನಗೆ ಹೇಳಬೇಕಿತ್ತು. ಅದು ಇರಲಿ. ನಾನೂ ಎಲ್ಲ ಹೇಳಿದವಳಲ್ಲ.

ನಿಮ್ಮ ಪತ್ರ ಬಂದದ್ದು ಏಪ್ರಿಲ್ ಇಪ್ಪತ್ತೆಂಟಕ್ಕೆ. ಒಂದು ದಿನ ತಡ. ಅಷ್ಟರಲ್ಲಿ ನೀವು ಬರೆದದ್ದೆಲ್ಲ ನನ್ನ ಕಣ್ಣೆದುರೇ ನಡೆದುಹೋಗಿತ್ತು. ಸೋಮವಾರ ಒಂದೊಂದು ಮಗುವೂ ಆರುನೂರು ಗ್ರಾಂ ಏರಿತು. ಅವಳಿ ತಾಯಿ, "ಡಬ್ಬಿ ಕಂಪನಿ ಬದಲಾಯಿಸಿದೆ ಕಣ್ರೇ, ಅದರ ಗುಣ" ಅಂದಳು. ಚೊಚ್ಚಲಿನ ಹುಡುಗಿಯೊಬ್ಬಳು, "ಹಾಗಾದ್ರೆ ನಾನು ಎದೆಹಾಲು ನಿಲ್ಲಿಸೇ ಬಿಡ್ತೀನಿ" ಅಂದಳು. ಟೈಲರಕ್ಕನೂ ಬಂದಿದ್ದಳು. ಕಣ್ಣು ಒಳಗೆ ಹೋಗಿತ್ತು, ಮುಖ ಒಣಗಿತ್ತು. ಪರದೆಯ ಹಿಂದಿನಿಂದ ಹೊರಗೆ ಬರುವಾಗ ಮಾತ್ರ ಹಳೆಯ ಕತ್ತರಿ. "ನೋಡಿದ್ರಾ? ಛಲ ಬೇಕು. ದಿನಕ್ಕೆ ಎಂಟು ಲೋಟ ಕಷಾಯ ಕುಡಿದೆ, ಗಂಟೆಗೊಂದು ಸಲ ಕುಡಿಸಿದೆ, ಡಬ್ಬಿ ಮುಟ್ಟಲಿಲ್ಲ." ಮೂರು ಜನ ಕಷಾಯದ ಸಾಮಾನು ಬರೆಸಿಕೊಂಡರು. ನನ್ನ ಇನ್ನೂರ ಇಪ್ಪತ್ತು ಗ್ರಾಂ ಚೀಟಿಯಾಗಿ ಬೆಂಚಿನ ಉದ್ದಕ್ಕೂ ಓಡಾಡಿತು. ನನ್ನ ಕೈಗೂ ಒಂದು ಬಂತು.

ಮೊದಲು ಆ ಚೊಚ್ಚಲಿನ ಹುಡುಗಿಯ ಮನೆಗೆ ಹೋಗಿ, ಮುಂದಿನ ಸೋಮವಾರದ ತನಕ ಏನೂ ನಿಲ್ಲಿಸಬೇಡ ಅಂದೆ. ಯಾಕೆ ಅಂದಳು. ಆವತ್ತೇ ಹೇಳ್ತೀನಿ ಅಂತ ಎದ್ದು ಬಂದೆ. ಆಮೇಲೆ ಧಣಿಗಳಿಗೆ ಹೇಳಿದೆ. ಅವರು ಕೈ ಚಾಚಿದರು. ಇಕ್ಕಳ ಕೊಟ್ಟೆ. ಆರು ತಿಂಗಳು ನಾನು ಮುದ್ರೆ ಒತ್ತುವಂತಿಲ್ಲ. "ಕೇಂದ್ರದಲ್ಲಿ ನೀನೇ ಹೇಳು. ಅಂಗಡಿ ಹೆಸರು ನುಂಗಬೇಡ, ಹೇಳು" ಅಂದರು.

ನಿನ್ನೆ ತೂಕದ ಸೋಮವಾರ. ನರ್ಸಮ್ಮನಿಗೆ ಮೊದಲೇ ಎಲ್ಲ ಹೇಳಿದ್ದೆ. ಅವರು ತಲೆ ಮೇಲೆ ಕೈ ಹೊತ್ತು ಕೂತರು, ಆಮೇಲೆ ಎದ್ದು ಪರದೆಯನ್ನು ಪೂರಾ ಸರಿಸಿದರು. ನನಗೆ ಭಾಷಣ ಬರುವುದಿಲ್ಲ. ದಪ್ಪ ಹಾಸನ್ನು ತಟ್ಟೆಯ ಮೇಲಿಟ್ಟೆ. ಇನ್ನೂರ ಅರವತ್ತು. ತೆಗೆದು ತೆಳ್ಳನೆ ಬಟ್ಟೆ ಇಟ್ಟೆ. ನಲವತ್ತು. "ಆ ದಪ್ಪ ಹಾಸಿನ ಮೇಲೆ ಸೊನ್ನೆ ಕೂರಿಸಿ ಹೋದವಳು ನಾನು. ಮಾರ್ಚ್ ಎರಡರಿಂದ ನಿಮ್ಮ ಮಕ್ಕಳೆಲ್ಲರಿಗೂ ಇನ್ನೂರ ಇಪ್ಪತ್ತು ಕಡಿಮೆ ತೋರಿಸಿದ್ದು ಅದನ್ನು ತೆಗೆದದ್ದಕ್ಕೆ. ಹೋದ ಸೋಮವಾರ ಏರಿದ್ದು ನಾನು ಗುಟ್ಟಾಗಿ ಸರಿಮಾಡಿದ್ದಕ್ಕೆ. ಡಬ್ಬಿಗಲ್ಲ, ಕಷಾಯಕ್ಕಲ್ಲ" ಅಂದೆ.

ಮೊದಲು ಅವಳಿ ತಾಯಿ ಚೀಲದಿಂದ ಕಾರ್ಡು ತೆಗೆದಳು. "ನಂದು ಆವತ್ತು ನೂರ ಮೂವತ್ತು."

"ನಂದು ನೂರ ಎಪ್ಪತ್ತು."

"ನಿಂದೂನಾ? ನಾನು ನಂದೊಂದೇ ಅಂದ್ಕೊಂಡು ಸಾಯ್ತಿದ್ದೆ."

"ಎರಡು ತಿಂಗಳು ಪಕ್ಕಪಕ್ಕ ಕೂತಿದ್ವಲ್ಲೇ, ಒಬ್ಬಳಾದ್ರೂ ಕಾರ್ಡು ತಿರುಗಿಸಬಾರದಿತ್ತಾ?"

ಅವಳಿ ತಾಯಿ ನಕ್ಕಳು. ನಗು ನಿಲ್ಲದೆ ಕಣ್ಣೊರೆಸಿಕೊಂಡಳು. ಎಲ್ಲರೂ ನಗಲಿಲ್ಲ. ಚೊಚ್ಚಲಿನ ಹುಡುಗಿಯ ಅತ್ತೆ, "ಇಂಥವರ ಕೈಗೆ ಕೆಲಸ ಕೊಟ್ಟೋರನ್ನ ಅನ್ನಬೇಕು" ಅಂದರು. ಅನ್ನಿಸಿಕೊಂಡೆ.

ಟೈಲರಕ್ಕ ಎದ್ದು ಬಂದಳು. "ಎಂಟು ವಾರ ಕಣೇ. ಮಗು ನನ್ನ ಹತ್ರ ಇದ್ದೂ ಉಪವಾಸ ಬೀಳ್ತಿದೆ ಅಂತ ಅಡುಗೆಮನೇಲಿ ನಿಂತು ಅತ್ತಿದೀನಿ. ಅದನ್ನ ಯಾವ ತಟ್ಟೆಗೆ ಹಾಕಿ ತೂಗ್ತೀಯ ನೀನು?"

ಪೆಟ್ಟಿಗೆ ತೆಗೆದು ತೋರಿಸಿದೆ. "ನಾನೂ ಅಷ್ಟೇ ಅಂದಿದ್ದೆನಲ್ಲ ಅಕ್ಕ. ಸುಳ್ಳು. ಮಾರ್ಚಿಂದ ಡಬ್ಬಿ ಕೊಡ್ತಿದೀನಿ."

ಅವಳು ಡಬ್ಬಿ ನೋಡಿದಳು, ಪೆಟ್ಟಿಗೆ ನೋಡಿದಳು. "ಗೊತ್ತಿತ್ತು. ಐದು ಕೆಜಿ ಹೊತ್ತವಳ ಭುಜ ಹಾಗೆ ನಿಲ್ಲಲ್ಲ. ದಿನಾ ಭುಜದ ಅಳತೆ ತಗೊಳ್ಳೋಳು ನಾನು."

"ಮತ್ತೆ ಯಾಕೆ ಹೇಳಲಿಲ್ಲ?"

"ನಂದು ಮುಚ್ಚಿಕೊಳ್ಳೋದೇ ಸಾಕಾಗಿತ್ತು."

ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ. ತಟ್ಟೆಯ ಮೇಲಿದ್ದ ಬಟ್ಟೆಯನ್ನು ಎಳೆದು ಬೆಂಚಿನ ಮೇಲೆಸೆದಳು. ಮಗುವಿನ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಬೋಳು ತಟ್ಟೆ ಮೇಲೇ ತೂಗು. ಜೋರಾಗಿ ಓದು. ಎಲ್ಲರಿಗೂ ಕೇಳಲಿ."

ಅಂಗೈಯಿಂದ ತಟ್ಟೆಯನ್ನು ಉಜ್ಜಿ ಬಿಸಿ ಮಾಡಿ ಮಗುವನ್ನು ಇಟ್ಟೆ. ಆಮೇಲೆ ಎಲ್ಲರೂ ಸಾಲು ನಿಂತರು. ಒಂದೊಂದನ್ನೂ ತೂಗಿ ಕೂಗಿ ಹೇಳಿದೆ. ನರ್ಸಮ್ಮ ಹಳೆಯ ಅಂಕಿ ಹೊಡೆದು ಹೊಸದು ಬರೆದರು.

ನನ್ನ ಮಟ್ಟಿಗೆ ಹೇಳುವುದಾದರೆ, ಫೆಬ್ರವರಿಯಲ್ಲಿ ನನ್ನ ಹಾಲು ಸಾಕಾಗಿತ್ತು. ಅದು ಈಗ ಗೊತ್ತಾಯಿತು. ಈಗ ಅಷ್ಟಿಲ್ಲ, ಎರಡು ತಿಂಗಳು ಸೀಸೆ ಕೊಟ್ಟದ್ದಕ್ಕೆ ಕಡಿಮೆಯಾಗಿದೆ. ಬೆಳಿಗ್ಗೆ, ಸಂಜೆ ನಾನು ಕುಡಿಸುತ್ತೇನೆ, ನಡುವೆ ಡಬ್ಬಿ. ಡಬ್ಬಿ ಈಗ ಬೆಂಚಿನ ಮೇಲೆ ಕಲ್ಲುಗಳ ಪಕ್ಕದಲ್ಲಿದೆ. ನಿನ್ನೆ ಗಿರಾಕಿಯೊಬ್ಬ, "ಇದೆಷ್ಟು ಗ್ರಾಂ ಕಲ್ಲು" ಅಂತ ಕೇಳಿದ.

ಮುಳ್ಳಮ್ಮ

ಮೇ ೧೮

ಮಗು ತೂಕ ಎಷ್ಟು
ಬರೆದೇ ಇಲ್ಲ

(ತಂಗೀ, ಮೇಲಿನ ಎರಡು ಸಾಲು ಅಪ್ಪನ ಕೈಯೇ. ಕಾಗದದ ಅಂಚನ್ನು ಬೆರಳಲ್ಲಿ ಹಿಡಿದುಕೊಂಡು ಬರೆದರು. ಸಹಾಯ ಮಾಡಲು ಹೋದರೆ ಬೈದರು. ಅರ್ಧ ಗಂಟೆ ಹಿಡಿಯಿತು.)

ಮೇ ೨೩

ಮೇಸ್ತ್ರಿಯವರಿಗೆ ನಮಸ್ಕಾರ.

ನಿಮ್ಮ ಅಕ್ಷರ ನೋಡಿದೆ. ದುಂಡಗಿಲ್ಲ, ನಿಮ್ಮದೇ. ಬೆಂಚಿನ ಗೋಡೆಗೆ ಅಂಟಿಸಿದ್ದೇನೆ.

ತೂಕ ಬರೆಯದೆ ಇದ್ದದ್ದಕ್ಕೆ ಕಾರಣ ಇದೆ. ಆವತ್ತು ಹದಿನೈದು ಮಕ್ಕಳನ್ನು ತೂಗಿದೆ. ಹದಿನಾರನೆಯದು ನನ್ನದು. ಅವಳು ಟೈಲರಕ್ಕನ ತೊಡೆಯ ಮೇಲೆ ಅವಳ ಅಳತೆ ಪಟ್ಟಿ ಜಗಿಯುತ್ತ ಕೂತಿದ್ದಳು. ಮನೆಗೆ ಬಂದ ಮೇಲೂ ನೆನಪಾಗಲಿಲ್ಲ. ನೀವು ಕೇಳಿದ ಮೇಲೆಯೇ ಹೊಳೆದದ್ದು. ನನಗೇ ಆಶ್ಚರ್ಯ.

ಈಗ, ಈ ಪತ್ರ ಬರೆಯುವುದನ್ನು ನಿಲ್ಲಿಸಿ, ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ನೋಡಿದೆ. ಬೋಳು ತಟ್ಟೆ. ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ, ಕಾಲು ಆಡಿಸುತ್ತಲೇ ಇದ್ದಳು. ನೀವು ಕಲಿಸಿದ ಹಾಗೆ ಮೂರು ಸಲ ತೂಗಿ ನಡುವಿನದನ್ನು ಬರೆಯಬೇಕಿತ್ತು. ಮೊದಲ ಸಲಕ್ಕೇ ಎರಡೂ ಕೈ ಚಾಚಿದಳು, ಎತ್ತಿಕೊಂಡುಬಿಟ್ಟೆ.

ಆರು ಕೆಜಿಗೆ ಮೇಲೆ, ಏಳಕ್ಕೆ ಒಳಗೆ ಅಂತ ಬರೆಸಿಕೊಳ್ಳಿ.

ಮುಳ್ಳಮ್ಮ